ಧ್ಯಾನ ಹೇಳಿಕೊಡುವವರಿಗೆ ಮ್ಯಾರಥಾನ್ ಸುಲಭವೇ? ಓಡುವಾಗಿನ ನೋವನ್ನು ಗಮನಿಸುತ್ತಲೇ ದಾಟಬಹುದೇ?

ಹಾಸನದಲ್ಲಿ ಬುದ್ಧರ ಧಮ್ಮ ಬೋಧಿಸುತ್ತೀರಿ, 3 ತಿಂಗಳಲ್ಲಿ ಪೂರ್ತಿ ಮ್ಯಾರಥಾನ್ ಓಡಬೇಕು, ಬೆಟ್ಟದ ರಸ್ತೆಯೋ ಸ್ಟೇಡಿಯಮ್ಮೋ, ಶೂ ಹಾಕಬೇಕೋ ಬರಿಗಾಲೋ ಎಂದು ಕೇಳಿದ್ದೀರಿ. ಗಂಟೆಗಟ್ಟಲೆ ಅಲುಗಾಡದೆ ಕೂರುವ ನಮಗೆ ನೋವು ತಡೆಯುವುದೇನು ಮಹಾ ಎಂದೂ ಬರೆದಿದ್ದೀರಿ. ಆ ಸಾಲು ಓದಿ ನಗು ಬಂತು, ಸ್ವಲ್ಪ ಭಯವೂ ಆಯಿತು. ಹಿಂದೆ ನಾನೂ ಎಲ್ಲರ ಹತ್ತಿರ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ನಾನು ಚಿಕ್ಕಮಗಳೂರಿನವಳು. ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ವಿಹಾರದಲ್ಲಿ ಧ್ಯಾನ ಹೇಳಿಕೊಡುತ್ತೇನೆ. ಓಟ ಶುರುವಾಗಿದ್ದು ಸಕ್ಕರೆ ಕಾಯಿಲೆಗೆ ಹೆದರಿ. ಮೊದಮೊದಲು ಕಡೂರು ರಸ್ತೆಯಲ್ಲಿ ಓಡುತ್ತಿದ್ದೆ. ಅದು ಬಯಲಿನ ಕಡೆಗೆ ಹೋಗುವ ರಸ್ತೆ, ಕಾಲಿಗೆ ಸುಖ. ಆಮೇಲೆ ಧಿಮಾಕು ಬಂತು. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಊರ ಪಕ್ಕದಲ್ಲಿಟ್ಟುಕೊಂಡು ಬಯಲಲ್ಲಿ ಓಡುವುದೇ ಎಂದು ಬೆಟ್ಟ ಹತ್ತುವ ದಾರಿಯ ಕೈಮರದ ಕಡೆ ತಿರುಗಿದೆ. ಏರುವುದು ಚೆನ್ನಾಗಿತ್ತು. ಎಡ ಹೆಜ್ಜೆ, ಬಲ ಹೆಜ್ಜೆ, ಉಸಿರು. ಚಂಕಮಣವೇ, ಅಂದರೆ ನಡಿಗೆಯ ಧ್ಯಾನವೇ, ಸ್ವಲ್ಪ ಜೋರಾದಂತೆ. ಕೆಡಿಸಿದ್ದು ಇಳಿಯುವುದು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಕಾಲನ್ನು ಕುಟ್ಟುತ್ತದೆ. ಬಲಗಾಲಿನಲ್ಲಿ, ಮಂಡಿಯ ಕೆಳಗಿನ ಮುಂಗಾಲ ಮೂಳೆಯಲ್ಲಿ ಸಣ್ಣಗೆ ನೋವು ಶುರುವಾಯಿತು.

ಮುಂದಿನದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಜಾರುವುದು ಅಲ್ಲೇ. ಕೂತಾಗ ಮಂಡಿ ಉರಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಶಿಷ್ಯರು ಮಿಸುಕಾಡಿದರೆ ನಾವೇನು ಹೇಳುತ್ತೇವೆ? "ಅಲುಗಾಡಬೇಡಿ. ನೋವು, ನೋವು ಅಂತ ಗುರುತಿಸಿ. ಬಂದ ಹಾಗೇ ಹೋಗುತ್ತೆ." ಬರ್ಮಾದ ಧ್ಯಾನಗುರು ಮಹಾಸಿ ಸಯಾಡೊ ಅವರ ಪದ್ಧತಿಯಲ್ಲಿ ಕಲಿತವರಿಗೆ ಇದು ಬಾಯಿಪಾಠ. ಕೂತಲ್ಲಿ ಇದು ಸರಿಯೇ. ಎದ್ದು ನಾಲ್ಕು ಹೆಜ್ಜೆ ನಡೆದರೆ ಆ ನೋವು ಇಳಿದುಹೋಗುತ್ತದೆ, ಒಳಗೆ ಏನೂ ಮುರಿಯುತ್ತಿರುವುದಿಲ್ಲ. ಓಟದಲ್ಲಿ ಹೆಜ್ಜೆಹೆಜ್ಜೆಗೂ ಮೂಳೆಗೆ ಪೆಟ್ಟು. ಪೆಟ್ಟು ತಿಂದ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೆ ಬಿಡುವು ಬೇಕು. ಬಿಡುವು ಕೊಡದೆ ಮತ್ತೆ ಮತ್ತೆ ಕುಟ್ಟಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ನಾನು ಆ ಬಿರುಕನ್ನು ಬಹಳ ಶ್ರದ್ಧೆಯಿಂದ ಗಮನಿಸಿದೆ. ಸುಳ್ಳು ಹೇಳುತ್ತಿಲ್ಲ, ಗಮನ ಅಷ್ಟು ಚೆನ್ನಾಗಿತ್ತು! ಮೊದಲು ನೋವು ಮುಂಗಾಲಿನ ಉದ್ದಕ್ಕೂ ಹರಡಿತ್ತು. ಬರುಬರುತ್ತಾ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಂದು ನಿಂತಿತು. ಆಮೇಲೆ ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಚುಚ್ಚತೊಡಗಿತು. ಎಲ್ಲವನ್ನೂ ನೋಡಿದೆ, ಅನಿಚ್ಚ ಅನಿಚ್ಚ, ಯಾವುದೂ ಶಾಶ್ವತವಲ್ಲ ಎನ್ನುತ್ತಾ ಮತ್ತೆ ಕೈಮರಕ್ಕೇ ಹೋದೆ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುರುವಿನಲ್ಲಿ ಹಾಗೇ ಅಂತೆ. ಎಂಆರ್‌ಐ ಮಾಡಿಸಿದಾಗ ಬಿರುಕು ಸಿಕ್ಕಿತು. ಮೂಳೆ ಡಾಕ್ಟರ್ ಕೇಳಿದರು, "ಯಾವಾಗಿಂದ ನೋವು ಮೇಡಂ?"

"ತುಂಬಾ ದಿನದಿಂದ ಗಮನಿಸ್ತಾ ಇದ್ದೆ ಡಾಕ್ಟ್ರೇ."

"ಗಮನಿಸಿದ ಮೇಲೆ ನಿಲ್ಲಿಸ್ಬೇಕಿತ್ತಲ್ವಾ?"

ಅಷ್ಟು ವರ್ಷ ಪಾಠ ಮಾಡಿದ ನನಗೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಓಟ ಬಂದ್ ಆಯಿತು. ಆ ವರ್ಷ ಹೆಸರು ಕೊಟ್ಟಿದ್ದ ಮ್ಯಾರಥಾನ್ ಕೈತಪ್ಪಿತು, ಕಟ್ಟಿದ್ದ ದುಡ್ಡೂ ಹೋಯಿತು. ಅದಕ್ಕಿಂತ ಬೇಜಾರಿನ ವಿಷಯ ಅಂದರೆ ಭಾನುವಾರದ ಶಿಷ್ಯರ ಮುಂದೆ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಕೂರಬೇಕಾಯಿತು.

ಹಾಗೆ ಮನೆಯಲ್ಲಿ ಕೂತಿದ್ದಾಗಲೇ ಬುದ್ಧರ ಉಪದೇಶಗಳಲ್ಲಿ ಒಂದಾದ ಸಬ್ಬಾಸವ ಸುತ್ತವನ್ನು ಮತ್ತೆ ತೆಗೆದೆ. ಮಜ್ಝಿಮ ನಿಕಾಯ ಎಂಬ ಸಂಗ್ರಹದಲ್ಲಿ 2ನೆಯದು, ನೀವೂ ಪಾಠ ಮಾಡಿರುತ್ತೀರಿ. ಮನಸ್ಸಿನ ಕೊಳೆಗಳನ್ನು ಕಳೆಯಲು ಅಲ್ಲಿ 7 ದಾರಿಗಳಿವೆ. 4ನೆಯದು ಸಹಿಸುವುದು: ಚಳಿ, ಬಿಸಿಲು, ಹಸಿವು, ಬಾಯಾರಿಕೆ, ಸೊಳ್ಳೆ, ಬೈಗುಳ, ಮೈನೋವು. ನಾನು ಸದಾ ಹೇಳುತ್ತಿದ್ದುದು ಇದನ್ನೇ. ಅದರ ಬೆನ್ನಿಗೇ ಇರುವ 5ನೆಯದು ದೂರ ಇರುವುದು: ಕೆರಳಿದ ಆನೆ, ಕುದುರೆ, ನಾಯಿ, ಹಾವು, ಮುಳ್ಳು, ಕಮರಿ. ಬಿಕ್ಕೋಡು, ಅರೇಹಳ್ಳಿ ಕಡೆ ತೋಟಕ್ಕೆ ಆನೆ ಬಂತು ಎಂದರೆ ಯಾರಾದರೂ "ಆನೆ, ಆನೆ" ಎಂದು ಗಮನಿಸುತ್ತಾ ನಿಲ್ಲುತ್ತಾರಾ? ಕೆಲಸ ಬಿಟ್ಟು ಓಡಿಬರುತ್ತಾರೆ. ನನ್ನ ಕಾಲಿನದು 5ನೆಯ ಪಟ್ಟಿಯ ಆನೆ. ಮೈನೋವು ಎಂಬ ಹೆಸರು ನೋಡಿ 4ನೆಯದಕ್ಕೆ ಸೇರಿಸಿಕೊಂಡಿದ್ದೆ.

ಹಾಗಾಗಿ ನೋವು ತಡೆಯುವ ಶಕ್ತಿ ಇದೆ ಎಂದು ಖುಷಿಪಡಬೇಡಿ. ಓಟಗಾರರಿಗೆ ಅದು ಅಪಾಯ. ಬೇರೆಯವರು ಅಯ್ಯೋ ಎಂದು ನಿಲ್ಲಿಸುವ ಜಾಗದಲ್ಲಿ ನಾವು ನಿಲ್ಲಿಸುವುದಿಲ್ಲ. ಎರಡೂ ತೊಡೆ ಬಿಗಿಯುವುದು, ಮರುದಿನ ಮೆಟ್ಟಿಲು ಇಳಿಯುವಾಗ ಅಮ್ಮಾ ಎನ್ನಿಸುವುದು, ಇವನ್ನು ಸಹಿಸಿ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ, ಓಡಿದಷ್ಟೂ ಜಾಸ್ತಿಯಾಗುವ ನೋವಿದ್ದರೆ ಅವತ್ತೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಬೆಟ್ಟದ ದಾರಿಯಲ್ಲಿ ದಿನವೂ ಬಹುದೂರ ಸಾಗುವ ವ್ರತ ಹಿಡಿಯುವ ಜಪಾನಿನ ಹಿಯೆ ಬೆಟ್ಟದ ಭಿಕ್ಷುಗಳ ಉದಾಹರಣೆ ಕೊಟ್ಟಿದ್ದೀರಿ. ಅವರ 1000 ದಿನಗಳ ವ್ರತ 7 ವರ್ಷಗಳಿಗೆ ಹರಡಿದೆ. ಮೊದಲ 3 ವರ್ಷ ವರ್ಷಕ್ಕೆ 100 ದಿನ, ದಿನಕ್ಕೆ ಸುಮಾರು 30 ಕಿ.ಮೀ. ಮಾತ್ರ, ಅದೂ ಹೆಚ್ಚಾಗಿ ಚುರುಕು ನಡಿಗೆ. ದಿನಕ್ಕೆ 84 ಕಿ.ಮೀ. ಬರುವುದು 7ನೆಯ ವರ್ಷದಲ್ಲಿ. ಅಂಥವರೇ ಅಷ್ಟು ನಿಧಾನಕ್ಕೆ ಏರಿಸಿಕೊಳ್ಳುವಾಗ ನಿಮಗೆ 3 ತಿಂಗಳು ಯಾವ ಲೆಕ್ಕ? 42.195 ಕಿ.ಮೀ. ಎಂದರೆ ಹಾಸನದಿಂದ ಬೇಲೂರಿಗೆ ಓಡಿ, ಮುಗೀತು ಅನ್ನುವಾಗ ಇನ್ನೂ ಸ್ವಲ್ಪ ಉಳಿದಿರುತ್ತದೆ.

ಬರಿಗಾಲಂತೂ ಬೇಡವೇ ಬೇಡ. ಬುದ್ಧರ ಶಿಷ್ಯ ಸೋಣ ಭಿಕ್ಖುವಿನ ಕಥೆಯಲ್ಲಿ ನಾವು ವೀಣೆಯ ತಂತಿ ಅತಿ ಬಿಗಿಯೂ ಬೇಡ, ಅತಿ ಸಡಿಲವೂ ಬೇಡ ಎಂಬುದನ್ನು ಹೇಳಿ ಮುಗಿಸುತ್ತೇವೆ. ನಡೆದು ನಡೆದು ಅವನ ಪಾದ ಒಡೆದು ರಕ್ತ ಸುರಿದಿತ್ತು. ಆಮೇಲೆ ಬುದ್ಧರು ಅವನಿಗೆ ಒಂದು ಪದರದ ಚಪ್ಪಲಿ ಮೆಟ್ಟಲು ಹೇಳಿದರು. ನಾನೊಬ್ಬನೇ ಮೆಟ್ಟುವುದಿಲ್ಲ ಎಂದು ಅವನು ಹಟ ಹಿಡಿದಾಗ ಇಡೀ ಸಂಘಕ್ಕೇ ಅನುಮತಿ ಕೊಟ್ಟರು ಎಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯದ ಮಹಾವಗ್ಗದಲ್ಲಿದೆ. ಒಳ್ಳೆ ಶೂ ತಗೊಳ್ಳಿ.

ಮರುವರ್ಷ ಬೆಂಗಳೂರಿನಲ್ಲಿ ಓಡಿ ಮುಗಿಸಿದೆ, 5 ಗಂಟೆಗಿಂತ ಜಾಸ್ತಿ ಹಿಡಿಯಿತು. ಧ್ಯಾನ ಕೆಲಸಕ್ಕೆ ಬಂದಿದ್ದು 30 ಕಿ.ಮೀ. ಆದಮೇಲೆ. ಅಷ್ಟೊತ್ತಿಗೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತಾ ಬಂದಿರುತ್ತದೆ, ತಲೆ ನೂರು ನೆಪ ಹೇಳುತ್ತದೆ. ಆ ನೆಪಗಳನ್ನು ಬರೀ ಯೋಚನೆ ಎಂದು ನೋಡಿ ಬಿಡಲು ನಮಗೆ ಬರುತ್ತದಲ್ಲ, ಅಷ್ಟೇ ಲಾಭ.

ಸ್ಟೇಡಿಯಮ್ಮೋ ಬೆಟ್ಟವೋ? ಸುಮ್ನೆ ಹಾಸನದ ಸಮತಟ್ಟು ರಸ್ತೆಯಲ್ಲೇ ಶುರು ಮಾಡಿ. ಏರು ನಡೆಯಿರಿ, ಇಳಿಜಾರು ಓಡಬೇಡಿ. ಉಪೋಸಥದ, ಅಂದರೆ ನಮ್ಮ ವ್ರತದ ದಿನದ, ಮರುದಿನ ಬೆಳಗ್ಗೆ ಉದ್ದ ಓಟ ಇಟ್ಟುಕೊಳ್ಳಬೇಡಿ, ಮಧ್ಯಾಹ್ನದಿಂದ ಊಟವಿಲ್ಲದ ಹೊಟ್ಟೆಯಲ್ಲಿ ಅದು ಆಗದ ಕೆಲಸ. ಓಟವನ್ನೇ ಮುಂದೆ ಹಾಕಿ, ಹಿಂದಿನ ರಾತ್ರಿ ಮುದ್ದೆ ಉಂಡು ಹೋಗಿ. ಆಗಲೇ ಪೂರ್ತಿ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದರೆ ಇವತ್ತೇ ಆಯೋಜಕರಿಗೆ ಬರೆದು 21 ಕಿ.ಮೀ.ಗೆ ಬದಲಾಯಿಸಲು ಆಗುತ್ತದಾ ಎಂದು ಕೇಳಿ.