ಹನ್ನೊಂದು ಸಲ ಮೈ ಜುಮ್ಮೆಂದರೆ ನಂಬುವುದು ಕಷ್ಟ

ನಮಸ್ಕಾರ.

ಶಹಾಪುರದಿಂದ ನೀವು ಕಳಿಸಿದ ‘ಸೂಪರ್‌ಹೀರೋ ಸಂಗೀತ: ಅಂದು ಚಿನ್ನ, ಇಂದು ತಗಡು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ಕೊನೆಯವರೆಗೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಅದರೊಳಗೆ ಹಾಕುವಂಥ ಇನ್ನೊಂದು ಲೇಖನ ಇದೆ. ಏಳನೇ ಪ್ಯಾರಾದಲ್ಲಿ ಮುದುಡಿ ಕೂತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. 1977ರ ‘ಸ್ಟಾರ್ ವಾರ್ಸ್’, 1978ರ ‘ಸೂಪರ್‌ಮ್ಯಾನ್’ ಸಂಗೀತವನ್ನು ಇವತ್ತಿಗೂ ಗುನುಗಬಹುದು. ಈಗಿನ ಚಿತ್ರಗಳದ್ದು ಬರೀ ‘ಢಂ’ ಎನ್ನುವ ಸದ್ದು, ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಒಪ್ಪದವರಿಗೆ ಕಿವಿಯೇ ಇಲ್ಲ ಎಂದೂ ಸೇರಿಸಿದ್ದೀರಿ. ನಾನು ಅರ್ಧ ಒಪ್ಪದವನು. ಕಿವಿ ಎರಡೂ ಇವೆ.

‘ಮೈ ಜುಮ್ಮೆಂದಿತು’ ಎಂಬ ಮಾತನ್ನು ಎಣಿಸಿದೆ. ಹನ್ನೊಂದು ಸಲ ಬಂದಿದೆ. ಮೊದಲ ಸಲ ನಂಬಿದೆ. ನಾಲ್ಕನೇ ಸಲಕ್ಕೆ ಚಳಿಜ್ವರ ಇರಬಹುದೇ ಅನಿಸಿತು. ಜುಮ್ಮೆಂದದ್ದು ನಿಮ್ಮ ಮೈ. ಓದುವವನಿಗೆ ಅದು ಮುಟ್ಟಬೇಕಾದರೆ ಏನು ಕೇಳಿಸಿತು ಅಂತ ಬರೆಯಬೇಕು. ‘ದಿ ಡಾರ್ಕ್ ನೈಟ್’ ಚಿತ್ರದ ಖಳ ಜೋಕರ್ ಬಗ್ಗೆ ‘ಭಯಾನಕ ಸಂಗೀತ’ ಎಂದು ಮುಗಿಸಿದ್ದೀರಿ. ಅಲ್ಲಿರುವುದು ಮುಖ್ಯವಾಗಿ ಒಂದೇ ಸ್ವರ. ಚೆಲ್ಲೋ ಎಂಬ ದೊಡ್ಡ ಪಿಟೀಲಿನ ತಂತಿಯ ಮೇಲೆ ಅದು ನಿಧಾನ ಬಿಗಿಯುತ್ತಾ ಹೋಗುತ್ತದೆ, ಈಗ ಹರಿಯಿತು, ಈಗ ಹರಿಯಿತು ಅನ್ನುವ ಹಾಗೆ. ಹರಿಯುವುದೇ ಇಲ್ಲ. ಇಷ್ಟು ಬರೆದರೆ ‘ಭಯಾನಕ’ ಎಂಬ ಮಾತು ತಾನೇ ಬಿದ್ದುಹೋಗುತ್ತದೆ. ಅಂದ ಹಾಗೆ, ಆ 2008ರ ಚಿತ್ರಕ್ಕೆ ಹ್ಯಾನ್ಸ್ ಝಿಮರ್ ಒಬ್ಬರೇ ಸಂಗೀತ ಕೊಟ್ಟವರಲ್ಲ. ಜೇಮ್ಸ್ ನ್ಯೂಟನ್ ಹೋವರ್ಡ್ ಜೊತೆಗಿದ್ದರು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ‘1977ರಲ್ಲಿ ಡಾರ್ತ್ ವೇಡರ್‌ನ ಮಾರ್ಚ್ ಮೊಳಗಿದಾಗ ಜಗತ್ತೇ ನಡುಗಿತು’ ಎಂದು ಬರೆದಿದ್ದೀರಿ. ‘ಸ್ಟಾರ್ ವಾರ್ಸ್’ನ ಖಳನಾಯಕನ ಆ ಮಾರ್ಚ್ ಮೊದಲ ಚಿತ್ರದಲ್ಲಿ ಇಲ್ಲವೇ ಇಲ್ಲ. 1980ರ ಎರಡನೇ ಚಿತ್ರದಲ್ಲಿ ಬಂದದ್ದು. ಇಂಥ ವಿಷಯಕ್ಕೆ ಓದುಗರು ಕಾದು ಕೂತಿರುತ್ತಾರೆ. ಬೆಳಗ್ಗೆ ಏಳಕ್ಕೆ ಫೋನ್ ಬರುವುದು ನಿಮಗಲ್ಲ, ನನಗೆ.

ಈಗ ವಾದಕ್ಕೆ ಬರೋಣ. ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು ಅಂತ ಹತ್ತು ಬಗೆಯಲ್ಲಿ ಹೇಳಿದ್ದೀರಿ. ಯಾಕೆ ಹಾಗೆ ಅಂತ ಒಂದು ಕಡೆಯೂ ಕೇಳಿಕೊಂಡಿಲ್ಲ. ನಾನು ‘ಸೂಪರ್‌ಮ್ಯಾನ್’ ನೋಡಿದ್ದು ಕಲಬುರಗಿಯ ಒಂದು ಹಳೇ ಟಾಕೀಸಿನಲ್ಲಿ. ಎಡಗಡೆಯ ಸ್ಪೀಕರ್ ಕೆಟ್ಟಿತ್ತು, ಬಲಗಡೆಯದು ಗೊರಗೊರ ಅನ್ನುತ್ತಿತ್ತು. ಆದರೂ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಅವರ ಟ್ರಂಪೆಟ್ ಅದನ್ನೆಲ್ಲ ಸೀಳಿಕೊಂಡು ಬಂತು. ಅದು ಹೀರೋನ ಹೆಸರನ್ನೇ ಕೂಗಿದ ಹಾಗಿದೆ, ಅಲ್ವಾ? ಅಂಥ ರಾಗ ಮುರುಕು ರೇಡಿಯೋದಲ್ಲೂ ಬದುಕುತ್ತದೆ. ಈಗಿನ ಸಂಗೀತದಲ್ಲಿ ಎಷ್ಟೋ ಭಾಗ ತೀರಾ ಕೆಳಗಿನ ಸ್ವರಗಳಲ್ಲಿ ಕೂತಿರುತ್ತದೆ. ಅದು ಕಿವಿಗಿಂತ ಜಾಸ್ತಿ ಎದೆಗೆ, ಕುರ್ಚಿಗೆ ತಾಗಬೇಕು. ನೀವು ಅದನ್ನು ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿ ತಗಡು ಅಂದರೆ ತಗಡು ಯಾವುದು?

ಹಾಗಂತ ನಿಮ್ಮ ದೂರು ಪೂರ್ತಿ ಸುಳ್ಳಲ್ಲ. ಎಡಿಟಿಂಗ್ ಮೇಜಿನ ಮೇಲೆ ಹೊಸ ಸಂಗೀತ ಇನ್ನೂ ಬಂದಿರುವುದಿಲ್ಲ. ಆಗ ಬೇರೆ ಯಾವುದೋ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಕೂರಿಸುತ್ತಾರೆ. ಅದಕ್ಕೆ ಟೆಂಪ್ ಟ್ರ್ಯಾಕ್ ಎನ್ನುತ್ತಾರೆ. ತಿಂಗಳುಗಟ್ಟಲೆ ಕೇಳಿ ನಿರ್ದೇಶಕನ ಕಿವಿ ಅದಕ್ಕೇ ಒಗ್ಗಿಹೋಗುತ್ತದೆ. ಕೊನೆಗೆ ಸಂಗೀತಗಾರನಿಗೆ ‘ಇದರ ಹಾಗೇ ಬೇಕು’ ಎನ್ನುತ್ತಾನೆ. ಹತ್ತು ಚಿತ್ರ ಒಂದೇ ಥರ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಆದರೆ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ನಿರ್ದೇಶಕ ಕುಬ್ರಿಕ್ ಅವರು ಅಲೆಕ್ಸ್ ನಾರ್ತ್ ಕೈಲಿ ಬರೆಸಿದ ಸಂಗೀತವನ್ನು ಬದಿಗಿಟ್ಟು, ಎಡಿಟಿಂಗ್‌ನಲ್ಲಿ ಬಳಸಿದ್ದ ಹಳೆಯ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ಅಲ್ಲಿ ಅದೇ ಗೆದ್ದಿತು. ನಿಮ್ಮ ‘ಅಂದು-ಇಂದು’ ಗೆರೆ ಇಲ್ಲೇ ಅಳಿಸಿಹೋಯಿತು ನೋಡಿ.

‘ಅಭಿಮಾನಿಗಳ ಪ್ರಕಾರ’ ಅಂತ ಆರು ಕಡೆ ಇದೆ. ಯಾರು ಇವರು? ಚಹಾ ಅಂಗಡಿಯ ಮೂವರು ಗೆಳೆಯರೇ ಆದರೆ ಹಾಗೇ ಬರೆಯಿರಿ, ಚೆನ್ನಾಗಿರುತ್ತದೆ. ಅವರ ಮಾತನ್ನು ಪರೀಕ್ಷೆಯೂ ಮಾಡಿ. ‘ಇಂಟರ್‌ಸ್ಟೆಲ್ಲರ್’ ಚಿತ್ರದ ನೀರಿನ ಗ್ರಹದಲ್ಲಿ ಒಂದು ಗಂಟೆ ಎಂದರೆ ಭೂಮಿಯ ಏಳು ವರ್ಷ. ಹಿಂದೆ ಗಡಿಯಾರದಂಥ ಟಿಕ್ ಟಿಕ್. ಒಂದೊಂದು ಟಿಕ್‌ಗೆ ಭೂಮಿಯ ಒಂದೊಂದು ದಿನ ಅಂತ ಗೆಳೆಯ ಹೇಳಿದ್ದನ್ನು ಹಾಗೇ ಇಳಿಸಿದ್ದೀರಿ. ಏಳು ವರ್ಷಕ್ಕೆ ಸುಮಾರು 2557 ದಿನ, ಗಂಟೆಗೆ 3600 ಸೆಕೆಂಡ್. ಅಂದರೆ ದಿನಕ್ಕೆ ಸುಮಾರು 1.4 ಸೆಕೆಂಡ್. ಗೆಳೆಯ ಹೇಳಿದ್ದು ನಿಜವಾದರೆ ಅಷ್ಟಷ್ಟಕ್ಕೆ ಒಂದು ಟಿಕ್ ಬೀಳಬೇಕು. ಗಡಿಯಾರ ಹಿಡಿದು ಟಿಕ್‌ಗಳನ್ನು ಎಣಿಸಿ, ಬಂದದ್ದನ್ನು ಬರೆಯಿರಿ. ಅದೇ ಚಿತ್ರದಲ್ಲಿ ‘ಸಿಂಥಸೈಜರ್’, ಅಂದರೆ ಎಲೆಕ್ಟ್ರಾನಿಕ್ ವಾದ್ಯ, ಎಂದದ್ದನ್ನು ತಿದ್ದಿ. ಅದು ಲಂಡನ್ನಿನ ಟೆಂಪಲ್ ಚರ್ಚಿನ ನಿಜವಾದ ಪೈಪ್ ಆರ್ಗನ್. ಕೊಳವೆಗಳಲ್ಲಿ ಗಾಳಿ ನುಗ್ಗಿ ನುಡಿಯುವ ವಾದ್ಯ. ಗಾಳಿಯೇ ಇಲ್ಲದ ಜಾಗದ ಕಥೆಗೆ ಉಸಿರಾಡುವ ವಾದ್ಯ. ಇದರ ಮೇಲೆ ಎರಡು ಪ್ಯಾರಾ ಬರೆಯಬಹುದಿತ್ತು.

ಇನ್ನು ಆ ಏಳನೇ ಪ್ಯಾರಾ. ‘ಬ್ಲ್ಯಾಕ್ ಪ್ಯಾಂಥರ್ ನೋಡುವಾಗ ನಮ್ಮೂರ ಅಲಾಯಿ ಕುಣಿತದ ಹಲಗೆ ನೆನಪಾಯಿತು. ಇರಲಿ, ವಿಷಯಕ್ಕೆ ಬರೋಣ.’ ಎಂಥಾ ‘ಇರಲಿ’ ತಮ್ಮಾ! ವಿಷಯ ಅದೇ ಅಲ್ವಾ? ಆ 2018ರ ಚಿತ್ರಕ್ಕೆ ಸಂಗೀತ ಕೊಟ್ಟ ಲುಡ್ವಿಗ್ ಯೋರಾನ್ಸನ್ ಸೆನೆಗಲ್‌ಗೆ ಹೋಗಿ, ಗಾಯಕ ಬಾಬಾ ಮಾಲ್ ಜೊತೆ ತಿರುಗಾಡಿ, ಅಲ್ಲಿನ ತಾಮಾ ಎಂಬ ‘ಮಾತಾಡುವ’ ಡೋಲನ್ನು ದೊಡ್ಡ ಆರ್ಕೆಸ್ಟ್ರಾದ ನಡುವೆ ತಂದು ನಿಲ್ಲಿಸಿದರು. ಆಸ್ಕರ್ ಕೂಡ ಬಂತು. ತಾಮಾವನ್ನು ಕಂಕುಳಲ್ಲಿ ಹಿಡಿದು ಅಮುಕಿದರೆ ಅದರ ದನಿ ಏರಿಳಿಯುತ್ತದೆ, ರಾಜನ ಹೆಸರನ್ನೇ ಕರೆದ ಹಾಗೆ. ನಿಮ್ಮೂರಲ್ಲಿ ಮೊಹರಂ ರಾತ್ರಿ ಚರ್ಮದ ಹಲಗೆಯನ್ನು ಬೆಂಕಿಗೆ ಕಾಯಿಸುವುದನ್ನು ನೀವು ನೋಡಿರುತ್ತೀರಿ. ಕಾದಂತೆ ಅದರ ದನಿ ಹೇಗೆ ಬದಲಾಗುತ್ತದೆ? ಅಲಾಯಿ ಕುಣಿಯ, ಅಂದರೆ ಬೆಂಕಿ ಗುಂಡಿಯ, ಸುತ್ತ ಹೆಜ್ಜೆ ಯಾವ ಪೆಟ್ಟಿಗೆ ಬೀಳುತ್ತದೆ? ಚಿತ್ರದ ಯಾವ ಕ್ಷಣದಲ್ಲಿ ನಿಮಗೆ ಇದು ನೆನಪಾಯಿತು? ಇದನ್ನು ಬರೆಯಬಲ್ಲವರು ನೀವು.

ಇನ್ನೊಂದು ಸಾಲಿನಲ್ಲಿ, ಸ್ವಲ್ಪ ನಾಚಿಕೊಂಡ ಹಾಗೆ, ‘ನಾನು ನೋಡಿದ್ದು ಹಿಂದಿ ಡಬ್ಬಿಂಗ್’ ಎಂದಿದ್ದೀರಿ. ನಾಚಿಕೆ ಯಾಕೆ? ಡಬ್ ಮಾಡುವಾಗ ಬದಲಾಗುವುದು ಮಾತಿನ ಟ್ರ್ಯಾಕ್. ಸಂಗೀತ ಇದ್ದ ಹಾಗೇ ಉಳಿಯುತ್ತದೆ. ನಟನ ದನಿ ದಾರಿಯಲ್ಲೇ ಬದಲಾಗಿ ಬಂದರೂ ‘ಸೂಪರ್‌ಮ್ಯಾನ್’ಗೆ ನುಡಿಸಿದ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಕಲಬುರಗಿಯ ತನಕ ಹಾಗೇ ಬರುತ್ತದೆ. ಆ ಸಾಲನ್ನು ಮೊದಲ ಪ್ಯಾರಾಕ್ಕೆ ತನ್ನಿ.

ಸಿನಿಮಾ ಮುಗಿಸಿ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುತ್ತೀರಲ್ಲ. ಜೇವರ್ಗಿ ದಾಟುವಾಗ ಬಾಯಲ್ಲಿ ಏನು ಉಳಿದಿತ್ತು, ರಾಗವೋ, ತಾಳವೋ, ಏನೂ ಇಲ್ಲವೋ? ಗುನುಗಲು ಬರುವುದರ ಬಗ್ಗೆ ವಾದ ಮಾಡುವುದಾದರೆ ಅಲ್ಲಿಂದ ಮಾಡಿ. ‘ಕಿವಿ ಇಲ್ಲದವರು’ ಹೋಗಲಿ. ನೀವು ಬರೆದ ಹೆಡ್‌ಫೋನಿನ ಬೆಲೆಯೂ ಬೇಡ.

800 ಪದ ಸಾಕು. ಈ ಸಲ ಯೂನಿಕೋಡ್‌ನಲ್ಲೇ ಕಳಿಸಿ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಬಂದದ್ದು ನನ್ನ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಿಸಿತು. ಪ್ರಿಂಟ್ ಹಾಕಿಸಿ ಓದಬೇಕಾಯಿತು.