ಜಮೆಯೂ ಕ್ರೆಡಿಟ್, ಸಾಲವೂ ಕ್ರೆಡಿಟ್

ಪ್ರಶ್ನೆ: ಲೆಕ್ಕ ಬರೆಯುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಖಾತೆಗೆ ಹಣ ಬಂದರೆ ಬ್ಯಾಂಕು ‘ಕ್ರೆಡಿಟ್ ಆಗಿದೆ’ ಎನ್ನುತ್ತದೆ. ಪಠ್ಯಪುಸ್ತಕವೋ, ಬಂದ ಹಣವನ್ನು ಡೆಬಿಟ್ ಕಡೆಗೆ ಬರೆಯಿರಿ ಎನ್ನುತ್ತದೆ. ಕ್ರೆಡಿಟ್ ಕಾರ್ಡ್ ಎಂದರೆ ಮತ್ತೆ ಸಾಲ. ಯಾವುದು ಸರಿ?

ಉತ್ತರ: ಎಲ್ಲವೂ ಸರಿ. ಈ ಪದದ ಬೇರು ಲ್ಯಾಟಿನ್ನಿನ ‘ಕ್ರೆಡೆರೆ’, ಅಂದರೆ ನಂಬುವುದು. ನಂಬಿ ಕೊಟ್ಟದ್ದು ಕ್ರೆಡಿಟ್. ನಮ್ಮ ‘ಪತ್ತು’ ಎಂಬ ಪದದಲ್ಲೂ ಸಾಲ ಮತ್ತು ವಿಶ್ವಾಸ ಹೀಗೆಯೇ ಜೊತೆಯಾಗಿವೆ.

ನೀವು ಬ್ಯಾಂಕಿಗೆ 1000 ಕಟ್ಟಿದಿರಿ ಎನ್ನೋಣ. ನಂಬಿ ಕೊಟ್ಟವರು ನೀವು, ತೀರಿಸಬೇಕಾದದ್ದು ಬ್ಯಾಂಕು. ಆದ್ದರಿಂದ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಹೆಸರಿನ ಖಾತೆಯ ಬಲಬದಿಗೆ, ಕ್ರೆಡಿಟ್ ಕಡೆಗೆ, ಆ ಮೊತ್ತ ಏರುತ್ತದೆ. ನಿಮ್ಮ ಪುಸ್ತಕದಲ್ಲಿ ಅದೇ 1000 ಬ್ಯಾಂಕಿನಿಂದ ನಿಮಗೆ ಬರಬೇಕಾದ ಆಸ್ತಿ, ಹಾಗಾಗಿ ಎಡಬದಿಯ ಡೆಬಿಟ್. ಮೊಬೈಲಿಗೆ ಬರುವ ಸಂದೇಶ ಬ್ಯಾಂಕಿನ ಪುಸ್ತಕದಿಂದ ಎತ್ತಿದ ಸಾಲು, ನಿಮ್ಮ ಪುಸ್ತಕದ್ದಲ್ಲ. ಒಂದೇ ಪುಸ್ತಕದಲ್ಲಿ ಪ್ರತಿ ವ್ಯವಹಾರವನ್ನೂ ಒಂದು ಖಾತೆಗೆ ಡೆಬಿಟ್, ಇನ್ನೊಂದಕ್ಕೆ ಕ್ರೆಡಿಟ್ ಎಂದು ಎರಡು ಸಲ ಬರೆಯುವುದು ಜೋಡಿ ನಮೂದು. ವೆನಿಸ್ಸಿನ ವರ್ತಕರು ರೂಢಿಸಿಕೊಂಡಿದ್ದ ಈ ಪದ್ಧತಿಯನ್ನು 1494ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ಅಚ್ಚಿನಲ್ಲಿ ವಿವರಿಸಿದ. ಅಂದಿನಿಂದ ಇಂದಿನವರೆಗೆ ಎಡ, ಬಲ ಬದಲಾಗಿಲ್ಲ. ಕಾರ್ಡಿನಲ್ಲಿ ಪಾತ್ರಗಳು ಅದಲುಬದಲಾಗುತ್ತವೆ, ಅಷ್ಟೇ: ಅಲ್ಲಿ ನಂಬುವುದು ಬ್ಯಾಂಕು, ತೀರಿಸಬೇಕಾದವರು ನೀವು.

ನನಗೆ ಬಹಳ ಇಷ್ಟವಾದ ಬಳಕೆ ‘ಲೆಟರ್ ಆಫ್ ಕ್ರೆಡಿಟ್’. ಒಬ್ಬರನ್ನೊಬ್ಬರು ಕಂಡಿರದ ಇಬ್ಬರು ವ್ಯಾಪಾರಿಗಳು, ನಡುವೆ ಸಮುದ್ರ. ಕೊಳ್ಳುವವನ ಬ್ಯಾಂಕು ‘ಹಣಕ್ಕೆ ನಾನು ಹೊಣೆ’ ಎಂದು ಬರೆದುಕೊಡುತ್ತದೆ. ಆದರೆ ಅದು ನೋಡುವುದು ಸರಕನ್ನಲ್ಲ, ಕಾಗದಪತ್ರಗಳನ್ನು. ಹಡಗು ರವಾನೆಯ ಪತ್ರದಲ್ಲಿ ದಿನಾಂಕ ತಪ್ಪಿದ್ದರೆ, ಸರಕು ಎಷ್ಟೇ ಚೊಕ್ಕವಾಗಿದ್ದರೂ, ಬ್ಯಾಂಕು ಹಣ ಕೊಡಲು ನಿರಾಕರಿಸಬಹುದು.

ತೆರಿಗೆಯಲ್ಲಿ ಕ್ರೆಡಿಟ್ ಎಂದರೆ ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಳೆಯುವ ಮೊತ್ತ. ಆದಾಯದಲ್ಲಿ ಕಳೆಯುವುದು ಬೇರೆ, ಅದು ಡಿಡಕ್ಷನ್. ಸಿನಿಮಾದ ಕೊನೆಯ ಹೆಸರುಗಳ ಪಟ್ಟಿ, ಪದವಿ ತರಗತಿಯ ಕ್ರೆಡಿಟ್ ಎಣಿಕೆ ಇವೂ ಇದೇ ಬಳಗದವು: ಸಲ್ಲಬೇಕಾದದ್ದನ್ನು ಸಲ್ಲಿಸುವ ಲೆಕ್ಕ.

ಕನ್ನಡಕ್ಕೆ ತರುವಾಗ ಎಲ್ಲ ಕಡೆಯೂ ‘ಸಾಲ’ ಎಂದು ಬರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ‘ಕ್ರೆಡಿಟ್ ನೋಟ್’ ಅನ್ನು ‘ಸಾಲದ ಚೀಟಿ’ ಎಂದರೆ ಅರ್ಥ ತಲೆಕೆಳಗಾಗುತ್ತದೆ. ಸರಕು ಹಿಂದಿರುಗಿಸಿದ ಗ್ರಾಹಕನ ಬಾಕಿಯನ್ನು ಇಳಿಸಲು ಮಾರಿದವನು ಕೊಡುವ ಕಾಗದ ಅದು. ಅದನ್ನು ‘ಜಮಾ ಚೀಟಿ’ ಎಂದೇ ಬರೆಯಿರಿ.