ಆಫ್ರಿಕಾ ಪಾಠ: ಪ್ರಾಣಿಗಿಂತ ಮೊದಲು ಮಳೆ ಕಲಿಸಿ

ಪ್ರಶ್ನೆ: ಸುರಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಆಫ್ರಿಕಾ ಎಂದ ಕೂಡಲೇ ಮಕ್ಕಳು ಸಿಂಹ, ಆನೆ, ಜಿರಾಫೆ ಅಂತ ಕೂಗುತ್ತಾರೆ. ವಾರ ಬಿಟ್ಟು ಕೇಳಿದರೆ ಆ ಹೆಸರು ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಸಹಾರಾ ಎಲ್ಲಿ, ಕಾಡು ಎಲ್ಲಿ ಎಂದರೆ ನಕ್ಷೆಯಲ್ಲಿ ಎಲ್ಲೆಂದರಲ್ಲಿ ಬೆರಳಿಡುತ್ತಾರೆ. ನಮ್ಮಲ್ಲಿ ಸ್ಮಾರ್ಟ್ ಕ್ಲಾಸ್ ಇಲ್ಲ. ಸಮುದ್ರವನ್ನೇ ನೋಡದ ಮಕ್ಕಳಿಗೆ ಇನ್ನೊಂದು ಖಂಡ ಕಲಿಸುವುದು ಹೇಗೆ?
– ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಪ್ರಾಣಿಗಳನ್ನು ಎರಡು ದಿನ ಪಕ್ಕಕ್ಕಿಡಿ. ಮೊದಲು ಮಳೆ ಕಲಿಸಿ. ಆಫ್ರಿಕಾದಲ್ಲಿ ಯಾವ ಪ್ರಾಣಿ ಎಲ್ಲಿದೆ ಎಂಬುದಕ್ಕೆ ಬಹುಪಾಲು ಉತ್ತರ ಮಳೆಯಲ್ಲೇ ಇದೆ. ಈ ವಿಷಯದಲ್ಲಿ ನಿಮ್ಮ ಮಕ್ಕಳು ದೊಡ್ಡ ಊರಿನ ಮಕ್ಕಳಿಗಿಂತ ಮುಂದಿದ್ದಾರೆ. ಮುಂಗಾರು ಕೈಕೊಟ್ಟರೆ ಮನೆಯಲ್ಲಿ ಏನಾಗುತ್ತದೆ, ದನಗಳ ಮೇವಿಗೆ ಏನು ಗತಿ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಒಂದು ಹಾಳೆಯ ಮೇಲೆ ಆಫ್ರಿಕಾದ ಹೊರಗೆರೆ ಬರೆಸಿ. ಸಮಭಾಜಕ ವೃತ್ತ ಹಾದುಹೋಗುವ ಕಡೆ ಹಾಳೆಯನ್ನು ಅಡ್ಡ ಮಡಚಿಸಿ, ಮತ್ತೆ ಬಿಡಿಸಿ. ಆ ಮಡಿಕೆಯ ಗೆರೆಯೇ ಪಾಠದ ಬೆನ್ನೆಲುಬು. ಅಲ್ಲಿ ಬಿಸಿಲು ನೆತ್ತಿಯ ಮೇಲೆ. ಕಾದ ಗಾಳಿ ಮೇಲೇರಿ ತಣ್ಣಗಾಗಿ ಮಳೆ ಸುರಿಸುತ್ತದೆ, ಹೆಚ್ಚುಕಡಿಮೆ ವರ್ಷವಿಡೀ. ಹಾಗಾಗಿ ಅಲ್ಲಿ ಕಾಂಗೋದ ದಟ್ಟ ಮಳೆಕಾಡು. ಗೆರೆಯಿಂದ ಮೇಲಕ್ಕೂ ಕೆಳಕ್ಕೂ ಸರಿದರೆ ಕೆಲವು ತಿಂಗಳು ಮಳೆ, ಕೆಲವು ತಿಂಗಳು ಒಣ. ಅಲ್ಲಿ ಹುಲ್ಲುಗಾವಲು. ಇನ್ನೂ ಸರಿದರೆ ನೀರು ಕಳೆದುಕೊಂಡ ಒಣ ಗಾಳಿ ಕೆಳಗಿಳಿಯುವ ಜಾಗ. ಮೇಲೆ ಸಹಾರಾ, ಕೆಳಗೆ ಕಲಹಾರಿ ಮತ್ತು ನಮೀಬ್. ಬಣ್ಣ ಹಾಕಿಸಿ ಮತ್ತೆ ಮಡಚಿಸಿ. ಹಸಿರಿನ ಮೇಲೆ ಹಸಿರು, ಹಳದಿಯ ಮೇಲೆ ಹಳದಿ ಕೂರುತ್ತದೆ. ಲೆಕ್ಕ ಪೂರ್ತಿ ಸರಿ ಹೊಂದುವುದಿಲ್ಲ, ನಿಜ. ಕೀನ್ಯಾ ಸಮಭಾಜಕದ ಮೇಲೇ ಇದ್ದರೂ ಅಲ್ಲಿ ಹುಲ್ಲುಗಾವಲೇ ಜಾಸ್ತಿ. ಅದನ್ನು ಮಕ್ಕಳೇ ಕೇಳಲಿ ಎಂದು ಕಾಯಿರಿ. ಕೇಳಿದರೆ ಪಾಠ ಹತ್ತಿದೆ ಎಂದರ್ಥ.

ಈಗ ಪ್ರಾಣಿಗಳು ಬರಲಿ. ಗೊರಿಲ್ಲಾ, ಜಿರಾಫೆಯ ಕುಲದ ಒಕಾಪಿ ಹಸಿರಿನಲ್ಲಿ. ಜಿರಾಫೆ, ಜೀಬ್ರಾ, ಸಿಂಹ ಹುಲ್ಲಿನಲ್ಲಿ. ದೊಡ್ಡ ಕಿವಿಯ ಫೆನೆಕ್ ನರಿ ಮರಳಿನಲ್ಲಿ. ಆ ಕಿವಿ ಮೈಯ ಬಿಸಿಯನ್ನು ಹೊರಬಿಡುತ್ತದೆ. ಸಿಂಹವನ್ನು ದಟ್ಟ ಕಾಡಿನಲ್ಲಿ ಇಡುವ ಮಗು ಪ್ರತಿ ತರಗತಿಯಲ್ಲೂ ಸಿಗುತ್ತದೆ, ‘ಕಾಡಿನ ರಾಜ’ ಎಂದು ಕೇಳಿ ಬೆಳೆದಿರುತ್ತದೆ ಅಲ್ವಾ? ತಪ್ಪು ಎನ್ನಬೇಡಿ. ‘ಅಲ್ಲಿ ಅದಕ್ಕೆ ತಿನ್ನಲು ಏನು ಸಿಗುತ್ತೆ?’ ಎಂದು ಕೇಳಿ. ಹುಲ್ಲು ತಿನ್ನುವ ಹಿಂಡು ಎಲ್ಲಿದೆಯೋ ಅಲ್ಲಿ ಸಿಂಹ. ಮಗುವೇ ಅದನ್ನು ಜಾಗ ಬದಲಿಸುತ್ತದೆ. ಕೊನೆಗೆ ದಕ್ಷಿಣದ ತುದಿಯಲ್ಲಿ ಒಂದು ಪೆಂಗ್ವಿನ್ ಇಡಿ. ಕೇಪ್‌ಟೌನ್ ಹತ್ತಿರದ ದಡದಲ್ಲಿ ಪೆಂಗ್ವಿನ್‌ಗಳು ನಿಜಕ್ಕೂ ಇವೆ. ಆ ಕಡಲಲ್ಲಿ ದಕ್ಷಿಣದಿಂದ ತಣ್ಣೀರಿನ ಪ್ರವಾಹ ಹರಿದು ಬರುತ್ತದೆ, ಮೀನು ಹೇರಳ.

ಒಂದೇ ಒಂದು ಕತೆ ಹೇಳಲು ಸಮಯವಿದ್ದರೆ ಸೆರೆಂಗೆಟಿಯದ್ದು ಹೇಳಿ. ಟಾಂಜಾನಿಯಾದ ಈ ಬಯಲಿನಿಂದ ಕೀನ್ಯಾದ ಮಸಾಯಿ ಮಾರಾ ಕಡೆಗೆ ದನದ ಹಾಗೆ ಕಾಣುವ ದೊಡ್ಡ ಚಿಗರೆಗಳಾದ 10 ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಪ್ರತಿವರ್ಷ ಹೋಗಿ ಬರುತ್ತವೆ. ನಿಮ್ಮ ಊರಿನ ಕುರಿಗಾರರು ಮಳೆ ನೋಡಿಕೊಂಡು ಮಂದೆ ಹೊಡೆದುಕೊಂಡು ಹೋಗುವ ಹಾಗೆಯೇ ಇದೂ. ಅಲ್ಲಿ ಕುರಿಗಾರ ಇಲ್ಲ, ಅಷ್ಟೇ. ಫೆಬ್ರುವರಿ ಸುಮಾರಿಗೆ ದಕ್ಷಿಣದ ಬಯಲಿನಲ್ಲಿ ಗಿಡ್ಡ ಹುಲ್ಲು ಚಿಗುರಿರುತ್ತದೆ. ಜ್ವಾಲಾಮುಖಿ ಬೂದಿಯ ಮಣ್ಣು, ಹುಲ್ಲಿನಲ್ಲಿ ಸತ್ವ ಜಾಸ್ತಿ. ಮರಿಗಳೆಲ್ಲ ಆಗಲೇ ಹುಟ್ಟುತ್ತವೆ. ಬಯಲು ಒಣಗಲು ಶುರುವಾದ ಮೇಲೆ ಹಿಂಡು ಉತ್ತರಕ್ಕೆ ಹೊರಡುತ್ತದೆ, ಮೊಸಳೆಗಳಿರುವ ಮಾರಾ ನದಿ ದಾಟುತ್ತದೆ, ನವೆಂಬರ್ ಮಳೆಗೆ ವಾಪಸಾಗುತ್ತದೆ. ಹುಲ್ಲು ಮೇಯುವುದಕ್ಕೂ ಒಂದು ಸರದಿ ಇದೆ. ಜೀಬ್ರಾ ಎತ್ತರದ ಒರಟು ಹುಲ್ಲಿನ ತುದಿ ತಿನ್ನುತ್ತದೆ. ಅದು ಬಿಟ್ಟ ಎಲೆಭಾಗ ವೈಲ್ಡ್‌ಬೀಸ್ಟ್‌ಗೆ. ಆಮೇಲೆ ಬುಡದಲ್ಲಿ ಒಡೆಯುವ ಚಿಗುರು ಗಸೆಲ್ ಎಂಬ ಪುಟ್ಟ ಚಿಗರೆಗೆ. ಮನೆಯಲ್ಲಿ ಎಮ್ಮೆ, ಆಡು ಎರಡೂ ಇರುವ ಮಗುವನ್ನು ಎದ್ದು ನಿಲ್ಲಿಸಿ, ಯಾವುದು ಏನು ಮೇಯುತ್ತದೆ ಎಂದು ಕೇಳಿ. ಪಾಠದ ಅರ್ಧ ಅದೇ ಹೇಳಿಬಿಡುತ್ತದೆ.

ಚೀತಾ ಬಗ್ಗೆ ಒಂದು ಮಾತು. ಅದು ನಮ್ಮ ದೇಶದಲ್ಲೂ ಇತ್ತು. ಕೃಷ್ಣಮೃಗ ಅದರ ಮುಖ್ಯ ಬೇಟೆಗಳಲ್ಲಿ ಒಂದು. 1952ರಲ್ಲಿ ಭಾರತದಲ್ಲಿ ಅಳಿದುಹೋಗಿದೆ ಎಂದು ಸರ್ಕಾರ ಘೋಷಿಸಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತಂದರು. ಮಕ್ಕಳು ಚೀತಾ, ಚಿರತೆ ಒಂದೇ ಎಂದುಕೊಂಡಿರುತ್ತಾರೆ. ಕಣ್ಣಿನಿಂದ ಬಾಯಿವರೆಗೆ ಇಳಿಯುವ ಕಪ್ಪು ಗೆರೆ ಚೀತಾಗೆ ಮಾತ್ರ. ಅಷ್ಟು ತೋರಿಸಿದರೆ ಸಾಕು.

ಸಮುದ್ರ ನೋಡದ ಮಕ್ಕಳು ಎಂದಿರಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಯಲಿನಲ್ಲಿ ಹಿಂಡುಹಿಂಡಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಯನ್ನು (ಡ್ರ್ಯಾಗನ್‌ಫ್ಲೈ) ಅವರು ನೋಡಿಯೇ ಇರುತ್ತಾರೆ. ಆ ಜಾತಿಯ ಚಿಟ್ಟೆಗಳು ಭಾರತ ಬಿಟ್ಟು, ಮಾಲ್ಡೀವ್ಸ್ ಮೇಲಾಗಿ, ಹಿಂಗಾರಿನ ಗಾಳಿ ಹಿಡಿದು ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎನ್ನುತ್ತಾರೆ ವಿಜ್ಞಾನಿಗಳು. ಮಳೆ ನಿಂತ ಗುಂಡಿಯ ನೀರಿನಲ್ಲಿ ಮೊಟ್ಟೆ ಇಡುವ ಹುಳ ಅದು. ಇಲ್ಲಿ ಗುಂಡಿ ಒಣಗುವಾಗ ಅಲ್ಲಿ ಮಳೆ ಬಿದ್ದಿರುತ್ತದೆ. ನಿಮ್ಮ ಹಾಳೆಯ ಪಕ್ಕದಲ್ಲಿ ಭಾರತವನ್ನೂ ಬರೆಸಿ, ಆ ದಾರಿಯನ್ನು ಪೆನ್ಸಿಲ್‌ನಲ್ಲಿ ಎಳೆಸಿ. ಹಾಗೇ ಯಾದಗಿರಿಯಿಂದ ಪಶ್ಚಿಮಕ್ಕೆ ನೇರ ಗೆರೆಯನ್ನೂ ಎಳೆಸಿ. ಅದು ಮಾಲಿ ದೇಶದ ಟಿಂಬಕ್ಟು ಪಟ್ಟಣಕ್ಕೆ ಮುಟ್ಟುತ್ತದೆ. ಎರಡೂ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಸೂರ್ಯ ಇಬ್ಬರಿಗೂ ಒಂದೇ. ಆದರೆ ಟಿಂಬಕ್ಟು ಸಹಾರಾದ ಅಂಚಿನಲ್ಲಿದೆ, ಅಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಕಷ್ಟ. ನಮಗೆ ಕಡಲಿನಿಂದ ನೀರು ಹೊತ್ತು ತರುವ ಮುಂಗಾರಿದೆ. ಮಳೆ ಕಡಿಮೆ ಎಂದು ನಾವು ಗೊಣಗುವ ಯಾದಗಿರಿಯಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ ಬೀಳುತ್ತದೆ. ಒಂದೇ ಗೆರೆಯ ಮೇಲಿರುವ ಎರಡು ಊರು ಇಷ್ಟು ಬೇರೆ ಯಾಕೆ ಎಂಬ ಪ್ರಶ್ನೆ ಒಂದು ಇಡೀ ಪೀರಿಯಡ್ ತಿನ್ನಲಿ, ಬಿಡಿ.

ಪ್ರಶ್ನೆ: ಎಂಟು ವರ್ಷದ ಮಗ ಪ್ರಾಣಿಗಳ ವಿಡಿಯೋ ಜಾಸ್ತಿ ನೋಡುತ್ತಾನೆ. ಮೊನ್ನೆ ‘ಆಫ್ರಿಕಾದಲ್ಲಿ ಮನೆ ಇರುತ್ತವಾ?’ ಎಂದು ಕೇಳಿದ. ಏನು ಹೇಳಲಿ?
– ತಂದೆ, ಬೀದರ್

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದಾನೆ, ಸುಮ್ನೆ ನಕ್ಕು ಬಿಡಬೇಡಿ. ಪ್ರಾಣಿಯೊಂದೇ ತೋರಿಸಿದರೆ ಮಕ್ಕಳಿಗೆ ಹೀಗೇ ಅನಿಸುತ್ತದೆ. ಇದು ನನಗೆ ನಿಜವಾಗಿಯೂ ಚಿಂತೆಯ ವಿಷಯ. ಆಫ್ರಿಕಾ ಒಂದು ದೇಶವಲ್ಲ, 54 ದೇಶಗಳ ಖಂಡ. ಜನಸಂಖ್ಯೆ ಸರಿಸುಮಾರು ನಮ್ಮ ದೇಶದಷ್ಟೇ. ಕೈರೋ, ಲಾಗೋಸ್‌ನಂಥ ನಗರಗಳು ಬೆಂಗಳೂರಿಗಿಂತ ಸಣ್ಣವಲ್ಲ. ನೈರೋಬಿಯಲ್ಲಿ ಊರಿಗೆ ಅಂಟಿಕೊಂಡೇ ರಾಷ್ಟ್ರೀಯ ಉದ್ಯಾನವಿದೆ. ಜಿರಾಫೆಯ ಹಿಂದೆ ಬಹುಮಹಡಿ ಕಟ್ಟಡ ಕಾಣುವ ಫೋಟೋ ಹುಡುಕಿ ತೋರಿಸಿ. ಒಂದೇ ಚಿತ್ರದಲ್ಲಿ ಉತ್ತರ ಸಿಗುತ್ತದೆ.

ನೀವಂತೂ ಬೀದರ್‌ನವರು. ಒಂದು ಭಾನುವಾರ ಅವನನ್ನು ಊರಿನ ಪಕ್ಕದ ಹಬ್ಶಿ ಕೋಟ್ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಅಲ್ಲಿರುವುದು ಇಥಿಯೋಪಿಯಾ ಕಡೆಯಿಂದ ಬಂದ ಹಬ್ಶಿ ಸರದಾರರ ಗೋರಿಗಳು. ಬಹಮನಿ ಸುಲ್ತಾನರ ಕಾಲದಲ್ಲಿ ಅವರು ಸೈನ್ಯದಲ್ಲಿ, ದರ್ಬಾರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಗುಲಾಮರಾಗಿ ಬಂದು ಮೇಲೇರಿದವರೂ ಅವರಲ್ಲಿದ್ದರು. ಎಂಟು ವರ್ಷದವನಿಗೆ ಅದನ್ನೂ ಮೆಲ್ಲಗೆ ಹೇಳಬಹುದು.

ಮನೆಗೆ ಬಂದು ಊಟಕ್ಕೆ ಕೂತಾಗ ರೊಟ್ಟಿ ತೋರಿಸಿ. ಜೋಳವನ್ನು ಮೊದಲು ಬೆಳೆದವರು ಆಫ್ರಿಕಾದ ಜನ, ಈಗಿನ ಸುಡಾನ್ ಪ್ರದೇಶದಲ್ಲಿ, ಸುಮಾರು 5,000 ವರ್ಷಗಳ ಹಿಂದೆ. ಸಜ್ಜೆಯೂ ಅಲ್ಲಿಯದೇ, ಪಶ್ಚಿಮ ಆಫ್ರಿಕಾದ್ದು. ಸುಡಾನಿನ ಮನೆಗಳಲ್ಲಿ ಇವತ್ತಿಗೂ ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಸವರಿ ಕಿಸ್ರಾ ಎಂಬ ರೊಟ್ಟಿ ಮಾಡುತ್ತಾರೆ. ತೊಗರಿಯದ್ದು ಇದಕ್ಕೆ ಉಲ್ಟಾ ಕತೆ. ಅದು ನಮ್ಮ ದೇಶದಿಂದ ಅಲ್ಲಿಗೆ ಹೋದ ಬೆಳೆ. ಮೊಜಾಂಬಿಕ್, ಮಲಾವಿ, ಟಾಂಜಾನಿಯಾದ ರೈತರು ಬೆಳೆದ ತೊಗರಿ ಈಗ ಹಡಗಿನಲ್ಲಿ ಭಾರತಕ್ಕೇ ಬರುತ್ತದೆ. ಕಲಬುರಗಿ ಮಾರುಕಟ್ಟೆಯಲ್ಲಿ ದರದ ಮಾತು ಬಂದಾಗ ನಮ್ಮ ರೈತರು ಬೈಯುವುದು ಈ ಆಮದನ್ನೇ. ಅಲ್ಲಿಯೂ ಒಬ್ಬ ರೈತ, ಅವನಿಗೂ ಮಳೆಯ ಚಿಂತೆ, ಅವನಿಗೂ ಶಾಲೆಗೆ ಹೋಗುವ ಮಗ ಇರುತ್ತಾನೆ ಎಂದು ನಿಮ್ಮ ಮಗನಿಗೆ ಗೊತ್ತಾಗಲಿ.

ಪ್ರಶ್ನೆ: ಶಾಲೆಯ ಗೋಡೆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಮಕ್ಕಳು ಹಾಗೇ ಬರೆಯುತ್ತಾರೆ.
– ಶಿಕ್ಷಕ, ಚಿಂಚೋಳಿ

ಉತ್ತರ: ನಕ್ಷೆಯ ಮಿತಿ ಅದು. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವಾಗ ಧ್ರುವಗಳ ಹತ್ತಿರದ ನೆಲ ಹಿಗ್ಗುತ್ತದೆ. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು. ಸಣ್ಣ ಗ್ಲೋಬ್ ಸಿಕ್ಕರೆ ಅದರ ಮೇಲೆ ತೆಳು ಹಾಳೆ ಇಟ್ಟು ಭಾರತದ ಆಕಾರ ತೆಗೆಸಿ, ಕತ್ತರಿಸಿ, ಆಫ್ರಿಕಾದ ಮೇಲೆ ಒಂದೊಂದಾಗಿ ಜೋಡಿಸಲು ಹೇಳಿ. ಒಂಬತ್ತು ಭಾರತ ಬೇಕಾಗುತ್ತದೆ. ಗ್ಲೋಬ್ ಇಲ್ಲದಿದ್ದರೆ ಹತ್ತಿರದ ಪ್ರೌಢಶಾಲೆಯಿಂದ ಒಂದು ದಿನಕ್ಕೆ ಕೇಳಿ ತನ್ನಿ.